ಡಬ್ಬಿ, ಮುಚ್ಚಳ ಮತ್ತು ಇಬ್ಬರು ಪಂಡಿತರ ತಕರಾರು

ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳ ಅವಲೋಕನ ಪುಸ್ತಕ ತೆರೆದರೆ ಇಂಥ ಸಾಲು ಸಿಕ್ಕೇ ಸಿಗುತ್ತದೆ: ‘ಮಗು ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ಆಡುತ್ತಿತ್ತು. ಇದು ಪಿಯಾಜೆಯ ಕಾರ್ಯಪೂರ್ವ ಹಂತ.’ ಮಾರ್ಕ್ಸ್ ಬರುತ್ತದೆ, ನಿಜ. ಆದರೆ ಮಗುವಿನ ಬಗ್ಗೆ ಏನು ತಿಳಿಯಿತು? ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆಯ ಲೆಕ್ಕದಲ್ಲಿ ಈ ಹಂತ, ಅಂದರೆ ತರ್ಕಬದ್ಧವಾಗಿ ಯೋಚಿಸಲು ಇನ್ನೂ ಬಾರದ ಕಾಲ, 2ರಿಂದ 7 ವರ್ಷ. ಆ ವಯಸ್ಸಿನ ಯಾವ ಮಗುವಿಗೂ ಇದೇ ಚೀಟಿ ಅಂಟಿಸಬಹುದು. ಸಿದ್ಧಾಂತ ಜೋಡಿಸಿದ ಮೇಲೆ ‘ಹಾಗಾದರೆ ನಾಳೆ ಏನು ನೋಡಬೇಕು’ ಅನ್ನುವುದು ಹೊಳೆಯದಿದ್ದರೆ ಜೋಡಿಸಿದ್ದು ದಂಡ ಅಂತಲೇ ನನ್ನ ಲೆಕ್ಕ.

ಮಕ್ಕಳ ಈ ಸ್ವಗತವನ್ನೇ ತೆಗೆದುಕೊಳ್ಳೋಣ. ಖರ್ಚಿಲ್ಲ, ಮನೆಯಲ್ಲೂ ಅಂಗನವಾಡಿಯಲ್ಲೂ ಸಿಗುತ್ತದೆ. ಬೇಕಾದದ್ದು ಬೇರೆ ಬೇರೆ ಅಳತೆಯ ನಾಲ್ಕು ಸ್ಟೀಲ್ ಡಬ್ಬಿ, ಅವುಗಳ ಮುಚ್ಚಳ, ಒಂದು ನೋಟ್‌ಬುಕ್, ಹತ್ತು ನಿಮಿಷ. ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಕಂಡದ್ದು, ಕೇಳಿದ್ದು ಮಾತ್ರ. ಬಲಗಡೆ ಅವತ್ತು ಖಾಲಿಯೇ ಇರಲಿ. ಮೇಲೆ ತಾರೀಕು, ಸಮಯ, ಯಾರ್ಯಾರು ಹತ್ತಿರ ಇದ್ದರು, ಮತ್ತು ವಯಸ್ಸು ವರ್ಷ-ತಿಂಗಳ ಲೆಕ್ಕದಲ್ಲಿ. ಬರೀ ‘3 ವರ್ಷ’ ಎಂದರೆ ಸಾಲದು. 3 ವರ್ಷ 1 ತಿಂಗಳಿಗೂ 3 ವರ್ಷ 11 ತಿಂಗಳಿಗೂ ಅಜಗಜಾಂತರ.

ಎಡಗಡೆಯ ಬರಹ ಹೀಗಿರಬೇಕು:

‘3 ವರ್ಷ 8 ತಿಂಗಳು, ಹುಡುಗಿ. ಬೆಳಿಗ್ಗೆ 10:40. ಚಾಪೆಯ ಮೇಲೆ. ಪಕ್ಕದಲ್ಲಿ ಇನ್ನೊಂದು ಮಗು, ಎರಡಡಿ ದೂರದಲ್ಲಿ ಟೀಚರ್. ದೊಡ್ಡ ಮುಚ್ಚಳವನ್ನು ಎರಡನೇ ಡಬ್ಬಿಯ ಮೇಲಿಟ್ಟಳು. “ಇದು ದೊಡ್ದು.” ಬೋರಲು ಮಾಡಿ ಮತ್ತೆ ಇಟ್ಟಳು, ಜಾರಿತು. “ಇದಲ್ಲ, ಇದಲ್ಲ. ಚಿಕ್ಕದೆಲ್ಲೋಯ್ತು.” ಬೇರೆ ಮುಚ್ಚಳ ತೆಗೆದು ಅಂಗೈಯಿಂದ ಒತ್ತಿದಳು, ಕೂತಿತು. ಯಾರನ್ನೂ ನೋಡಲಿಲ್ಲ. ಮೂರನೆಯದು ಕೂರಲಿಲ್ಲ. ಟೀಚರ್ ಮುಖ ನೋಡಿ: “ಟೀಚರ್, ಬರ್ತಿಲ್ಲ ಇದು.”’

‘ಹಠ ಮಾಡಿದಳು’, ‘ಖುಷಿಯಾಗಿದ್ದಳು’, ‘ಚುರುಕಾಗಿದ್ದಾಳೆ’ ಇವೆಲ್ಲ ಎಡಗಡೆಗೆ ಬರಕೂಡದು. ಹಠ ಅನ್ನುವ ಬದಲು ‘ಡಬ್ಬಿ ತಳ್ಳಿದಳು, ಎರಡು ಸಲ “ಬೇಡ” ಅಂದಳು’ ಎಂದು ಬರೆದರೆ ನಾಳೆ ಓದಿದವರೂ ತಮ್ಮ ತೀರ್ಮಾನಕ್ಕೆ ತಾವು ಬರಬಹುದು. ಮಾತನ್ನು ಮಗು ಆಡಿದ ಹಾಗೇ ಬರೆಯಿರಿ, ಗ್ರಾಂಥಿಕ ಮಾಡಬೇಡಿ.

ಆಮೇಲೆ ಬಲಗಡೆಯಲ್ಲಿ ಒಂದೊಂದು ಮಾತಿಗೂ ಗುರುತು ಹಾಕಿ: ಇನ್ನೊಬ್ಬರಿಗೆ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ? ಕಣ್ಣಿಟ್ಟು ನೋಡಿತೇ, ಮುಟ್ಟಿ ಕರೆಯಿತೇ, ಹೆಸರು ಹಿಡಿಯಿತೇ, ಉತ್ತರಕ್ಕೆ ಕಾಯಿತೇ, ಇನ್ನೊಬ್ಬರ ಮಾತಿಗೆ ಜವಾಬು ಕೊಟ್ಟಿತೇ? ಒಂದಾದರೂ ಇದ್ದರೆ ಅದು ಇನ್ನೊಬ್ಬರಿಗೆ. ಮೇಲಿನ ದಾಖಲೆಯಲ್ಲಿ ಕೊನೆಯ ಮಾತು ಟೀಚರಿಗೆ, ಉಳಿದದ್ದೆಲ್ಲ ತನಗೇ. ಬರೀ ತುಟಿ ಆಡಿಸಿ ಪಿಸುಗುಟ್ಟಿದ್ದನ್ನೂ ಬರೆದುಕೊಳ್ಳಿ. ಅದಕ್ಕೆ ಆಮೇಲೆ ಬೆಲೆ ಬರುತ್ತದೆ.

ಈಗ ಪಂಡಿತರನ್ನು ಕರೆಯಬಹುದು. ಪಿಯಾಜೆ ಜಿನೀವಾದಲ್ಲಿ 6 ವರ್ಷ ದಾಟಿದ ಇಬ್ಬರು ಹುಡುಗರ ಮಾತನ್ನು ಸುಮಾರು ಒಂದು ತಿಂಗಳು ಬರೆಸಿ, ಅದರಲ್ಲಿ ಅರ್ಧಕ್ಕೆ ಸಮೀಪದಷ್ಟು ‘ಅಹಂಕೇಂದ್ರಿತ’, ಅಂದರೆ ಕೇಳುವವನ ಪರಿವೆಯಿಲ್ಲದ ಮಾತು, ಎಂದು 1923ರಲ್ಲಿ ಪ್ರಕಟಿಸಿದರು. ಕೇಳುವವನ ಜಾಗದಲ್ಲಿ ನಿಂತು ಯೋಚಿಸಲು ಮಗುವಿಗೆ ಇನ್ನೂ ಬರುವುದಿಲ್ಲ. ಬೆಳೆದಂತೆ, ಬೆರೆತಂತೆ ಈ ಮಾತು ಉದುರಿಹೋಗುತ್ತದೆ ಅನ್ನುವುದು ಅವರ ವಾದ. ಸೋವಿಯತ್ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಇದನ್ನು ಒಪ್ಪಲಿಲ್ಲ. 1934ರಲ್ಲಿ, ಅವರು ತೀರಿಕೊಂಡ ವರ್ಷ, ಹೊರಬಂದ ಪುಸ್ತಕದಲ್ಲಿ ಅವರ ಉತ್ತರವಿದೆ: ಈ ಮಾತು ಉದುರುವುದಿಲ್ಲ, ಒಳಗೆ ಇಳಿಯುತ್ತದೆ, ಅದೇ ಮುಂದೆ ಮೌನ ಯೋಚನೆಯಾಗುತ್ತದೆ. ಪಿಸುಮಾತನ್ನೂ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಇಷ್ಟಕ್ಕೇ ನಿಲ್ಲದೆ ವೈಗೋಟ್ಸ್ಕಿ ಮತ್ತು ಸಂಗಡಿಗರು ಒಂದು ತಂಟೆ ಮಾಡಿದರು. ಚಿತ್ರ ಬಿಡಿಸುವ ಮಕ್ಕಳಿಗೆ ಬೇಕಾದ ಬಣ್ಣದ ಪೆನ್ಸಿಲ್ ಇಲ್ಲದಂತೆ, ಕಾಗದ ಸಿಗದಂತೆ ಮಾಡಿದರು. ತಮಗೇ ಆಡಿಕೊಳ್ಳುವ ಮಾತಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಟ್ರಾಮ್ ಬಿಡಿಸುತ್ತಿದ್ದ ಐದೂವರೆ ವರ್ಷದ ಮಗುವಿನ ಪೆನ್ಸಿಲ್ ಮುರಿಯಿತು. ‘ಮುರಿದಿದೆ’ ಎಂದು ತನಗೇ ಹೇಳಿಕೊಂಡು, ಬಣ್ಣ ಕೈಗೆತ್ತಿಕೊಂಡು ಮುರಿದ ಟ್ರಾಮನ್ನೇ ಬಿಡಿಸಿತು. ಬಾಯಿಂದ ಬಂದ ಮಾತೇ ಮುಂದಿನ ಕೆಲಸವನ್ನು ನಡೆಸಿತು.

ನಿಮ್ಮ ನಾಳೆಯ ಅವಲೋಕನಕ್ಕೆ ದಾರಿ ಸಿಕ್ಕಿದ್ದು ಇಲ್ಲೇ. ಅದೇ ನಾಲ್ಕು ಡಬ್ಬಿ ಕೊಡಿ, ಒಂದು ಮುಚ್ಚಳ ಬಚ್ಚಿಡಿ, ಅಥವಾ ಅಳತೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿರುವ ಐದನೆಯ ಡಬ್ಬಿ ಸೇರಿಸಿ. ಸುಲಭದ ಆಟಕ್ಕೆ ಐದು ನಿಮಿಷ, ಕಷ್ಟದ ಆಟಕ್ಕೆ ಐದು ನಿಮಿಷ. ಸ್ವಗತ ಎಷ್ಟು ಸಲ ಬಂತು ಎಣಿಸಿ. ಬರೀ ಕೇಳುವವನ ಪರಿವೆ ಇಲ್ಲದ್ದರಿಂದ ಬರುವ ಮಾತಾದರೆ ಆಟ ಕಷ್ಟವಾದಾಗ ಅದು ಹೆಚ್ಚಲು ಕಾರಣವಿಲ್ಲ. ಹೆಚ್ಚಿದರೆ ವೈಗೋಟ್ಸ್ಕಿಯ ಕಡೆಗೆ ತಕ್ಕಡಿ ವಾಲುತ್ತದೆ. ಒಂದೇ ದಿನ ನೋಡಿ ತೀರ್ಪು ಕೊಡಬೇಡಿ, ಕಡೇಪಕ್ಷ ಮೂರು ಬೇರೆ ದಿನ ಬೇಕು. ನಿದ್ದೆಗೆಟ್ಟ ಮಗು, ಹಸಿದ ಮಗು ಲೆಕ್ಕಕ್ಕಿಲ್ಲ.

ಕೆಡುವುದು ಎಲ್ಲೆಲ್ಲಿ? ಆಟ ತೀರಾ ಸುಲಭವಾದರೆ ಮಗು ಸುಮ್ಮನೆ ಮುಗಿಸಿ ಎದ್ದುಹೋಗುತ್ತದೆ, ತೀರಾ ಕಷ್ಟವಾದರೆ ಕೈಚೆಲ್ಲುತ್ತದೆ. ಎರಡರಲ್ಲೂ ಮಾತು ಬರುವುದಿಲ್ಲ. ಮಧ್ಯದ ಕಷ್ಟ ಬೇಕು. ಮೊಬೈಲ್ ಎದುರಿಗೆ ಹಿಡಿದರೆ ಮಗು ಡಬ್ಬಿ ಬಿಟ್ಟು ಮೊಬೈಲ್ ನೋಡುತ್ತದೆ, ಫ್ಯಾನಿನ ಸದ್ದಿನಲ್ಲಿ ಪಿಸುಮಾತು ರೆಕಾರ್ಡ್ ಆಗುವುದೂ ಇಲ್ಲ, ಕೈಬರಹವೇ ವಾಸಿ. (ರೆಕಾರ್ಡ್ ಮಾಡಲೇಬೇಕಿದ್ದರೆ ಹೆತ್ತವರ ಒಪ್ಪಿಗೆ ಮೊದಲು.) ಎಲ್ಲಕ್ಕಿಂತ ದೊಡ್ಡ ಕಾಟ ದೊಡ್ಡವರದು. ‘ಯಾರ ಹತ್ರ ಮಾತಾಡ್ತಿದೀಯ ಪುಟ್ಟಿ?’ ಎಂದು ಅಜ್ಜಿ ನಕ್ಕರೆ ಸಾಕು, ಮಾತು ಅಲ್ಲಿಗೇ ನಿಂತಿತು.

ಮಗು ‘ಬರ್ತಿಲ್ಲ’ ಎಂದಾಗ ಏನು ಮಾಡಬೇಕು ಅನ್ನುವುದಕ್ಕೂ ಸಿದ್ಧಾಂತ ಕೆಲಸಕ್ಕೆ ಬರುತ್ತದೆ. ವುಡ್, ಬ್ರೂನರ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1976ರಲ್ಲಿ 21 ಮರದ ತುಂಡುಗಳ ಪಿರಮಿಡ್ ಕೊಟ್ಟು 3, 4, 5 ವರ್ಷದ ಮಕ್ಕಳನ್ನು ಗಮನಿಸಿದರು. ‘ಸ್ಕ್ಯಾಫೋಲ್ಡಿಂಗ್’ (ಮಗುವಿಗೆ ಬೇಕಾದಷ್ಟೇ ಆಸರೆ ಕೊಟ್ಟು ಮೆಲ್ಲಗೆ ಹಿಂದೆಗೆಯುವುದು) ಅನ್ನುವ ಮಾತು ಚಾಲ್ತಿಗೆ ಬಂದದ್ದು ಆ ಲೇಖನದಿಂದ. ವುಡ್ ಮುಂದೆ ಸಹಾಯವನ್ನು ಐದು ಮೆಟ್ಟಿಲು ಮಾಡಿದರು. ನಮ್ಮ ಡಬ್ಬಿಗೆ ಹೇಳುವುದಾದರೆ: ಮೊದಲನೆಯದು, ‘ಇನ್ನೇನು ಮಾಡ್ಬಹುದು?’ ಎರಡನೆಯದು, ‘ಇದಕ್ಕಿಂತ ಚಿಕ್ಕ ಮುಚ್ಚಳ ಹುಡುಕು.’ ಮೂರನೆಯದು, ಬೆರಳಿಟ್ಟು ತೋರಿಸುವುದು. ನಾಲ್ಕನೆಯದು, ಸರಿಯಾದ ಮುಚ್ಚಳವನ್ನು ಡಬ್ಬಿಯ ಬಾಯಿಗೆ ಹೊಂದಿಸಿಟ್ಟು ಒತ್ತುವ ಕೆಲಸ ಮಗುವಿಗೆ ಬಿಡುವುದು. ಐದನೆಯದು, ಪೂರ್ತಿ ಮಾಡಿ ತೋರಿಸುವುದು. ಮಗು ಸೋತರೆ ಒಂದು ಮೆಟ್ಟಿಲು ಹೆಚ್ಚು ಸಹಾಯ, ಗೆದ್ದರೆ ಒಂದು ಮೆಟ್ಟಿಲು ಕಡಿಮೆ. ನಮ್ಮಲ್ಲಿ ಬಹಳ ಜನ ಪ್ರೀತಿಯಿಂದಲೇ ನೇರವಾಗಿ ಐದಕ್ಕೆ ಹಾರುತ್ತಾರೆ. ಎಷ್ಟನೇ ಮೆಟ್ಟಿಲಿನ ಸಹಾಯ ಬೇಕಾಯಿತು ಎಂದು ಅಂಕಿ ಬರೆದಿಡಿ. ಮೊದಲ ವಾರ 4, ಮೂರನೇ ವಾರ 2 ಆಗಿದ್ದರೆ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ವೈಗೋಟ್ಸ್ಕಿಯ ‘ಸಮೀಪ ವಿಕಾಸ ವಲಯ’ (ಒಂಟಿಯಾಗಿ ಆಗದಿದ್ದರೂ ನೆರವಿದ್ದರೆ ಆಗುವಷ್ಟರ ವ್ಯಾಪ್ತಿ) ನಿಮ್ಮ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ.

ಸ್ವಗತ ಕಡಿಮೆ ಇದ್ದ ಮಾತ್ರಕ್ಕೆ ಮಗು ಹಿಂದುಳಿದಿದೆ ಎಂದಲ್ಲ, ಬೆಳೆಯುವ ಪರಿಸರಕ್ಕೆ ತಕ್ಕಂತೆ ವೇಗ ಬೇರೆಯಾಗಬಹುದು. ಅಮೆರಿಕದ ಅಪಲೇಚಿಯಾ ಬೆಟ್ಟಸೀಮೆಯ ಬಡ ಮನೆಗಳ ಮಕ್ಕಳನ್ನು ಬರ್ಕ್ ಮತ್ತು ಗಾರ್ವಿನ್ ಎಂಬ ಸಂಶೋಧಕರು 1984ರಲ್ಲಿ ಅಧ್ಯಯನ ಮಾಡಿದಾಗ, ಈ ಮಾತು ಒಳಗಿಳಿಯುವ ಕ್ರಮ ಅದೇ ಇದ್ದರೂ ವೇಗ ನಿಧಾನವಾಗಿತ್ತು. ಆದರೆ ಇತರರ ಜೊತೆಗಿನ ಮಾತೇ ವಯಸ್ಸಿಗೆ ತಕ್ಕಷ್ಟು ಬಂದಿಲ್ಲ ಅನ್ನಿಸಿದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಮಕ್ಕಳ ಡಾಕ್ಟರಿಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ತೋರಿಸಿ.

ಎರಡು ಭಾಷೆಯ ಮನೆಗಳವರು, ಅದು ಬೆಂಗಳೂರಾಗಲಿ ಡಲ್ಲಾಸ್ ಆಗಲಿ, ಇನ್ನೊಂದು ಕಾಲಂ ಸೇರಿಸಿಕೊಳ್ಳಿ: ಮಗು ತನಗೇ ಯಾವ ಭಾಷೆಯಲ್ಲಿ ಹೇಳಿಕೊಂಡಿತು? ಮುಚ್ಚಳ ಜಾರಿದಾಗ ‘ಅಯ್ಯೋ’ ಅಂದಿತೋ, ‘ಓ ನೋ’ ಅಂದಿತೋ? ಬಣ್ಣ, ಅಂಕಿ ಎಣಿಸುವಾಗ ಒಂದು ಭಾಷೆ, ಬೈದುಕೊಳ್ಳುವಾಗ ಇನ್ನೊಂದು ಬಂದರೆ ಅದನ್ನೂ ಹಾಗೇ ಬರೆಯಿರಿ, ತಿದ್ದಲು ಹೋಗಬೇಡಿ.