‘ನಿಮ್ಮ ಕಾನ್ಫಿಗ್ ಕಳಿಸಿ’ ಅನ್ನೋರಿಗೆ

‘ನಿಮ್ಮ ವೇಬಾರ್ ಸಖತ್ತಾಗಿದೆ ಸರ್, ಕಾನ್ಫಿಗ್ ಕಳಿಸ್ತೀರಾ?’

ಇಲ್ಲ, ಕಳಿಸಲ್ಲ. ವೇಬಾರ್ ಅಂದರೆ ಲಿನಕ್ಸ್ ಪರದೆಯ ಅಂಚಿನಲ್ಲಿ ಗಡಿಯಾರ, ಬ್ಯಾಟರಿ ತೋರಿಸೋ ಪಟ್ಟಿ; ಕಾನ್ಫಿಗ್ ಅಂದರೆ ಅದರ ಸೆಟ್ಟಿಂಗ್ ಫೈಲು. ಕಳಿಸಿದರೆ ಸಂಜೆಯೊಳಗೆ ‘ನಿಮ್ಮದು ಕೆಲಸ ಮಾಡ್ತಿಲ್ಲ’ ಅಂತ ಬರುತ್ತೆ. ಚೆನ್ನಾಗಿ ಕಂಡರೆ ನಿಮ್ಮದು, ಕೆಟ್ಟರೆ ನನ್ನದು!

ಕೆಡೋದು ಯಾಕೆ ಅಂದರೆ, ಫೈಲಿನಲ್ಲಿ ಅರ್ಧ ನನ್ನ ಯಂತ್ರದ ವಿಳಾಸಗಳೇ. ಬ್ಯಾಟರಿಯ ಹೆಸರು ನನ್ನಲ್ಲಿ ಬ್ಯಾಟ್0, ನಿಮ್ಮಲ್ಲಿ ಬ್ಯಾಟ್1 ಇದ್ದರೆ ಆ ಮಾಡ್ಯೂಲ್ (ಬ್ಯಾಟರಿ ತೋರಿಸೋ ತುಣುಕು) ಬಾರಿನಲ್ಲಿ ಕಾಣೋದೇ ಇಲ್ಲ. ಹೆಸರಿನ ಸಾಲನ್ನೇ ಅಳಿಸಿ, ವೇಬಾರ್ ತಾನೇ ಹುಡುಕಿಕೊಳ್ಳುತ್ತೆ. ತಾಪಮಾನದ್ದು ಇನ್ನೂ ತರಲೆ: ಸೆನ್ಸರ್ ವಿಳಾಸದಲ್ಲಿ ಎಚ್‌ಡಬ್ಲ್ಯುಮಾನ್ ಪಕ್ಕದ ಅಂಕಿ ಡ್ರೈವರ್‌ಗಳು ಲೋಡ್ ಆದ ಕ್ರಮದ ಮೇಲೆ ನಿಂತಿದೆ. ಇವತ್ತು 3, ರೀಬೂಟ್ ಆದ ಮೇಲೆ 4. ಐಕಾನ್ ಜಾಗದಲ್ಲಿ ಖಾಲಿ ಚೌಕ ಬಂದರೆ ಐಕಾನ್‌ಗಳಿರುವ ನರ್ಡ್ ಫಾಂಟ್ ಇಲ್ಲ, ಅಥವಾ ಐಕಾನ್ ಹಳೆಯ ಆವೃತ್ತಿಯದು. ಆ ಫಾಂಟಿನ 2023ರ 3ನೇ ಆವೃತ್ತಿಯಲ್ಲಿ ಮೆಟೀರಿಯಲ್ ಐಕಾನ್‌ಗಳ ಹಳೆಯ ಕೋಡ್‌ಗಳನ್ನು ತೆಗೆದುಹಾಕಿದ್ದಾರೆ.

ಇಷ್ಟಕ್ಕೂ ಬಣ್ಣ, ಐಕಾನ್ ಬಿಟ್ಟು ಯಾರೂ ಏನೂ ಕೇಳಲ್ಲ. ಈ ಬಾರ್ ದಿನಕ್ಕೆ ಎಷ್ಟು ಸಲ ಸ್ಕ್ರಿಪ್ಟ್ ಓಡಿಸುತ್ತೆ ಅಂತ ಒಬ್ಬರಾದರೂ ಕೇಳಬಾರದೇ?

ನೋಟಿಫಿಕೇಶನ್ ಬಂದ್ ಆಗಿದೆಯಾ ಎಂದು ತೋರಿಸುವ ಕಸ್ಟಮ್ ಮಾಡ್ಯೂಲ್ ತಗೊಳ್ಳಿ. ಎಲ್ಲರೂ ಕಣ್ಣು ಮುಚ್ಚಿ ಇಂಟರ್ವಲ್ 1 (ಸೆಕೆಂಡಿಗೊಮ್ಮೆ) ಅಂತ ಹಾಕ್ತಾರೆ. ಅಂದರೆ ದಿನಕ್ಕೆ 86,400 ಸಲ ಹೊಸ ಶೆಲ್ (ಕಮಾಂಡ್ ಓಡಿಸೋ ಪ್ರೋಗ್ರಾಂ) ಹುಟ್ಟಿ ಸಾಯಬೇಕು. ಸ್ಥಿತಿ ಬದಲಾಗೋದು ಮಾತ್ರ ನೀವು ಕೀಲಿ ಒತ್ತಿದಾಗ. ಇಂಟರ್ವಲ್‌ಗೆ ‘ಒನ್ಸ್’ (ಒಂದೇ ಸಲ) ಎಂದೂ ಸಿಗ್ನಲ್‌ಗೆ 8 ಎಂದೂ ಕೊಡಿ. ಆ ಕೀಲಿಯ ಕಮಾಂಡಿನಲ್ಲಿ ಮೊದಲು ಸ್ಥಿತಿ ಬದಲಿಸಿ, ಆಮೇಲೆ ಸಂಕೇತ ಕಳಿಸೋ ಪಿ-ಕಿಲ್‌ನಿಂದ ವೇಬಾರ್‌ಗೆ ಆರ್‌ಟಿಮಿನ್+8 ಸಿಗ್ನಲ್ ಕಳಿಸಿ, ಅದು ಬಂದಾಗ ಬಾರ್ ಸ್ಕ್ರಿಪ್ಟನ್ನು ಮತ್ತೆ ಓಡಿಸುತ್ತೆ. ಕ್ರಮ ಉಲ್ಟಾ ಆದರೆ ಬಾರ್ ಹಳೆಯದನ್ನೇ ಓದಿಕೊಂಡು ಕೂರುತ್ತೆ.

ಸದಾ ಓಡುವ ಪೈಥಾನ್ ಸ್ಕ್ರಿಪ್ಟ್ ಆದರೆ ಇಂಟರ್ವಲ್ ಬೇಕಾಗಿಲ್ಲ, ಆದರೆ ಪ್ರತಿ ಪ್ರಿಂಟ್‌ನಲ್ಲೂ ಫ್ಲಶ್ ಟ್ರೂ (ತಕ್ಷಣ ಹೊರಗೆ ಕಳಿಸು) ಇರಲಿ. ಟರ್ಮಿನಲ್‌ನಲ್ಲಿ ಸಾಲು ಸಾಲಾಗಿ ಬರುವ ಔಟ್‌ಪುಟ್ ಬಾರ್ ಓದುವ ಪೈಪ್‌ಗೆ ಹೋದರೆ ಬಫರ್‌ನಲ್ಲಿ ಗುಡ್ಡೆಯಾಗುತ್ತೆ, ಬಾರ್ ಖಾಲಿ. ‘ಟರ್ಮಿನಲ್‌ನಲ್ಲಿ ಸರಿಯಾಗೇ ಬರ್ತಿದೆ ಸರ್’ ಅನ್ನುವವರದು ಬಹುಪಾಲು ಇದೇ ಕಾಯಿಲೆ. ಔಟ್‌ಪುಟ್ ಜೇಸನ್ (ಡೇಟಾ ಬರೆಯುವ ಒಂದು ರೂಪ) ಆಗಿ ಕೊಡೋದಾದರೆ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಹಾಡಿನ ಹೆಸರಲ್ಲಿ ಆಂಪರ್‌ಸ್ಯಾಂಡ್ (&) ಬಂದರೆ ಅಕ್ಷರ ಮೂಡಿಸೋ ಪ್ಯಾಂಗೋ ಮುನಿಸಿಕೊಳ್ಳುತ್ತೆ, ಎಸ್ಕೇಪ್ ಟ್ರೂ ಮಾಡಿ.

ಇಷ್ಟಾದ ಮೇಲೂ ಬಾರ್ ಬರದಿದ್ದರೆ ಟರ್ಮಿನಲ್‌ನಿಂದಲೇ ವೇಬಾರ್ ಓಡಿಸಿ, ಕೆಂಪಗೆ ಬಂದ ಸಾಲನ್ನು ನಕಲು ಮಾಡಿ ಕಳಿಸಿ. ಫೋಟೋ ಹೊಡೆದು ಕಳಿಸಬೇಡಿ.