ಅಜ್ಜಿಯ ಹಾಡಿಗೊಂದು ಉಚಿತ ತಂತ್ರಾಂಶ

ಶಿರಸಿಯ ನಮ್ಮ ಮನೆಯಲ್ಲಿ ಅಜ್ಜಿ ಹೇಳುವ ಹವ್ಯಕರ ಮದುವೆ ಹಾಡುಗಳನ್ನು ಧ್ವನಿಮುದ್ರಿಸಿಡಲು ಹೊರಟಾಗ, ಕೆಲವು ಉಚಿತ ತಂತ್ರಾಂಶಗಳನ್ನು ಪರೀಕ್ಷಿಸಿ ಕೊನೆಗೆ ಆಡಾಸಿಟಿಯನ್ನು ಆಯ್ದುಕೊಂಡೆ. 2000ದಲ್ಲಿ ಮೊದಲು ಬಿಡುಗಡೆಯಾದ ಈ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ನನಗೆ ನಿರ್ಣಾಯಕವಾದದ್ದು ಗದ್ದಲ ತಗ್ಗಿಸುವ ಸೌಲಭ್ಯ: ಹಾಡು ಶುರುವಾಗುವ ಮೊದಲಿನ ಒಂದೆರಡು ಸೆಕೆಂಡುಗಳ ಬರಿಯ ಸದ್ದನ್ನು ಮಾದರಿಯಾಗಿ ತೋರಿಸಿದರೆ, ಫ್ಯಾನಿನ ಏಕಪ್ರಕಾರದ ಗುಂಯ್‌ಗುಡುವಿಕೆಯನ್ನು ಅದು ಇಡೀ ಮುದ್ರಣದಿಂದ ಬಹುಮಟ್ಟಿಗೆ ತೆಗೆಯುತ್ತದೆ. ಹೆಂಚಿನ ಮೇಲೆ ಏರಿಳಿಯುತ್ತ ಸುರಿಯುವ ಆಷಾಢದ ಮಳೆಗೆ ಮಾತ್ರ ಈ ಉಪಾಯ ಸಾಲದು; ಮಿತಿಮೀರಿ ಬಳಸಿದರೆ ಅಜ್ಜಿಯ ದನಿಯೇ ನೀರೊಳಗಿನಿಂದ ಬಂದಂತೆ ಕೇಳುತ್ತದೆ. ಆದ್ದರಿಂದ ಮಳೆ ಹೊಳವಾಗುವವರೆಗೆ ಕಾದು ಮುದ್ರಿಸುತ್ತೇನೆ. ಮೂಲಪ್ರತಿಯನ್ನು, ದನಿಯನ್ನು ಕುಗ್ಗಿಸದೆ ಇದ್ದಂತೆಯೇ ಇಡುವ ವೇವ್ (WAV) ಕಡತವಾಗಿಯೇ ಉಳಿಸಿಕೊಂಡು, ನೆಂಟರಿಗೆ ಕಳಿಸುವುದಕ್ಕಷ್ಟೇ ಗಾತ್ರದಲ್ಲಿ ಚಿಕ್ಕದಾದ ಎಂಪಿ3 ಪ್ರತಿಯನ್ನು ಮಾಡುತ್ತೇನೆ.