ಉಬ್ಬು ನಕ್ಷೆ: ಮಡಿಕೇರಿಯ ದೀಪಗಳು ಕೊನೆಗೂ ಹತ್ತಿದವು

ಹತ್ತಿತು! ನನ್ನ ನಕ್ಷೆಯಲ್ಲಿ ಮಡಿಕೇರಿಯ ದೀಪಗಳ ಗುಂಪು ಪೂರ್ತಿ ಹತ್ತಿತು. ಯಾರ ಬಟನ್ ಒತ್ತಿದರೂ ಅವರ ಜಾಗದಲ್ಲೇ ಬೆಳಕು ಬರುತ್ತಿದೆ. ಮಳೆಗಾಲ ಇಡೀ ಕಾಡಿದ ಸಮಸ್ಯೆ ಇದು. ಹಾಗಾಗಿ ಈ ಸಲ ಬೇರೆ ವಿಷಯ ಕಮ್ಮಿ, ಇದೇ ಜಾಸ್ತಿ.

ಹೊಸದಾಗಿ ಓದುವವರಿಗೆ ಎರಡು ಮಾತು. ಕೊಡಗಿನ ಉಬ್ಬು ನಕ್ಷೆ ಮಾಡುತ್ತಿದ್ದೇನೆ. ಪ್ಲೈವುಡ್ ಪದರಗಳು, 1:1,00,000 ಅಳತೆ. ಒಂದು ಕಿಲೋಮೀಟರಿಗೆ ಒಂದು ಸೆಂಟಿಮೀಟರ್. ಎತ್ತರವನ್ನು ಮಾತ್ರ ಎರಡು ಪಟ್ಟು ಮಾಡಿದ್ದೇನೆ, ಇಲ್ಲದಿದ್ದರೆ 1,748 ಮೀಟರಿನ ತಡಿಯಂಡಮೋಳ್ ಕೂಡ ಎರಡು ಸೆಂಟಿಮೀಟರ್ ಮುಟ್ಟುವುದಿಲ್ಲ. ನಕ್ಷೆಯ ಮುಂದೆ ಕೊಡಗಿನ ದೊಡ್ಡವರ ಹೆಸರು, ಪ್ರತಿ ಹೆಸರಿಗೂ ಒಂದು ಬಟನ್. ಒತ್ತಿದರೆ ಅವರು ಹುಟ್ಟಿದ ಊರಲ್ಲಿ ಹಳದಿ ದೀಪ, ಬದುಕಿದ ಊರಲ್ಲಿ ಹಸಿರು ದೀಪ. ಪದರ ಕತ್ತರಿಸಿದ್ದು, ಪ್ರೈಮರ್ ಹೊಡೆದದ್ದು, ಶಿಫ್ಟ್ ರಿಜಿಸ್ಟರ್ (ಕೆಲವೇ ತಂತಿಗಳಲ್ಲಿ ಹಲವು ದೀಪ ನಡೆಸುವ ಚಿಪ್) ಜೋಡಿಸಿದ್ದು ಎಲ್ಲ ಹಳಬರಿಗೆ ಗೊತ್ತಿರುವುದೇ. ಬಿಟ್ಟುಬಿಡುತ್ತೇನೆ.

ಹಳ್ಳಿಗಳಲ್ಲಿ ತೊಂದರೆ ಇರಲಿಲ್ಲ. ಕೊಡವ ನಾಟಕಗಳನ್ನು ಬರೆದ ಹರದಾಸ ಅಪ್ಪಚ್ಚ ಕವಿಗೆ ನಾಪೋಕ್ಲು ಕಡೆಯ ಕಿರುಂದಾಡು. ಸುತ್ತ ಬೇಕಾದಷ್ಟು ಜಾಗ. ಮೂರು ಮಿಲಿಮೀಟರ್ ಎಲ್‌ಇಡಿಯನ್ನೇ ನೇರ ಕೂರಿಸಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆಗೂ ಹಾಗೆಯೇ.

ಕಷ್ಟ ಶುರುವಾಗಿದ್ದು ಮಡಿಕೇರಿಯಲ್ಲಿ. ಈ ಅಳತೆಯಲ್ಲಿ ಇಡೀ ಪೇಟೆ ಒಂದು ನಿಂಬೆಹಣ್ಣಿನಷ್ಟು. ಅದರೊಳಗೆ ಯಾರೆಲ್ಲ ಬರಬೇಕು ನೋಡಿ. ಜನರಲ್ ತಿಮ್ಮಯ್ಯ ಹುಟ್ಟಿದ್ದು ಇಲ್ಲೇ, 1906ರಲ್ಲಿ. ಅವರ ಮನೆ ಸನ್ನಿ ಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ನಿವೃತ್ತಿಯ ಮೇಲೆ ಕಾರ್ಯಪ್ಪ ಬಂದು ನೆಲೆಸಿದ ಮನೆ ರೋಶನಾರಾ ಕೂಡ ಮಡಿಕೇರಿಯದ್ದೇ. ಇಬ್ಬರೂ ಕೊಡಂದೇರ ಮನೆತನದವರು, ಇಬ್ಬರೂ ದೇಶದ ಸೈನ್ಯದ ಮುಖ್ಯಸ್ಥರಾದವರು. ಕಥೆಗಾರ್ತಿ ಗೌರಮ್ಮ ಹುಟ್ಟಿದ್ದೂ ಮಡಿಕೇರಿಯಲ್ಲೇ, 1912ರಲ್ಲಿ. ಮದುವೆಯಾಗಿ ಹೋಗಿದ್ದು ಸುಂಟಿಕೊಪ್ಪದ ಹತ್ತಿರದ ತೋಟಕ್ಕೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಒಡವೆ ಬಿಚ್ಚಿಕೊಟ್ಟವರು ಇವರು. ಐದು ವರ್ಷಕ್ಕೆ, ಇಪ್ಪತ್ತೇಳರ ವಯಸ್ಸಲ್ಲಿ, ನೀರಲ್ಲಿ ಮುಳುಗಿ ತೀರಿಕೊಂಡರು. ಅವರ ಬಟನ್ ಒತ್ತಿದರೆ ಎರಡು ಊರಲ್ಲೂ ಬೆಳಕು ಬರಬೇಕು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಇಲ್ಲ.

ಕೋಟೆ ಇನ್ನೊಂದು. ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಬ್ರಿಟಿಷರು ಅಲ್ಲೇ ಗಲ್ಲಿಗೇರಿಸಿದರು. ಹುಟ್ಟಿದ ಬಣ್ಣವೂ ಅಲ್ಲ, ಬದುಕಿದ ಬಣ್ಣವೂ ಅಲ್ಲ. ಅವರಿಗೆ ಕೆಂಪು ಇಟ್ಟೆ. ಇಡೀ ನಕ್ಷೆಯಲ್ಲಿ ಕೆಂಪು ಅದೊಂದೇ.

ಎಲ್ಲಕ್ಕಿಂತ ಇಕ್ಕಟ್ಟು ಸೆಂಟ್ರಲ್ ಹೈಸ್ಕೂಲು. 1870ರಲ್ಲಿ ಕೊಡಗಿನ ಬಗ್ಗೆ ಕೈಪಿಡಿ ಬರೆದ ಪಾದ್ರಿ ರಿಕ್ಟರ್ ಇಲ್ಲಿ ಪ್ರಿನ್ಸಿಪಾಲ್ ಆಗಿದ್ದವರು. ಪಂಜೆ ಮಂಗೇಶರಾಯರು ಹೆಡ್‌ಮಾಸ್ಟರ್ ಆಗಿದ್ದವರು. ಕಾರ್ಯಪ್ಪ ಬೆಂಚಿನ ಮೇಲೆ ಕೂತು ಓದಿದವರು. ಒಂದು ಕಟ್ಟಡ, ಮೂರು ಹೆಸರು, ನಕ್ಷೆಯಲ್ಲಿ ಸಾಸಿವೆ ಕಾಳಿನಷ್ಟೂ ಜಾಗ ಇಲ್ಲ. ರಿಕ್ಟರ್ ಜರ್ಮನಿಯವರು, ಪಂಜೆಯವರು ಬಂಟ್ವಾಳದವರು, ಅವರಿಗೇಕೆ ದೀಪ ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಹುತ್ತರಿ ಹಾಡು ಬರೆದ ಪಂಜೆಯವರಿಗೆ ಮಡಿಕೇರಿಯಲ್ಲಿ ದೀಪ ಇಲ್ಲದಿದ್ದರೆ ಈ ನಕ್ಷೆ ಮಾಡುವುದೇ ಬೇಡ. ಹಸಿರು ಬಣ್ಣ ಇಟ್ಟಿದ್ದೇ ಇಂಥವರಿಗಾಗಿ.

ಹಾಗಂತ ಎಲ್ಲರನ್ನೂ ಸೇರಿಸಲು ಆಗುವುದಿಲ್ಲ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನ ಮಗಳು, ಇನ್ನೊಬ್ಬ ಗೌರಮ್ಮ, ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಬೆಳೆದದ್ದು ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯೇ ಅವಳ ಧರ್ಮತಾಯಿ. ಮಣ್ಣಾಗಿದ್ದೂ ಲಂಡನ್ನಿನಲ್ಲೇ. ತುಂಬಾ ಯೋಚಿಸಿ ಆ ಹೆಸರು ಕೈಬಿಟ್ಟೆ. ಅವಳ ಊರುಗಳೆಲ್ಲ ನನ್ನ ಹಲಗೆಯ ಹೊರಗಿವೆ.

ಮಡಿಕೇರಿಗೆ ಮಾತ್ರ ಪಕ್ಕದಲ್ಲಿ ದೊಡ್ಡ ನಕ್ಷೆ ಮಾಡು ಅಂತ ಕೆಲವರು ಹೇಳಿದರು. ಬೇಡ ಅನ್ನಿಸಿತು. ಇಷ್ಟು ಸಣ್ಣ ಪೇಟೆಯಲ್ಲಿ ಇಷ್ಟು ಜನ ಓಡಾಡಿದ್ದಾರೆ ಅನ್ನುವುದು ಒಂದೇ ನೋಟಕ್ಕೆ ಕಾಣಬೇಕಲ್ವಾ? ಹಾಗಾಗಿ ಎಲ್‌ಇಡಿಗಳನ್ನೆಲ್ಲ ಹಿಂದಿನ ಬ್ಲಾಕಿಗೆ ಸಾಗಿಸಿ, ಒಂದು ಮಿಲಿಮೀಟರ್ ಅಕ್ರಿಲಿಕ್ ಫೈಬರಿನಲ್ಲಿ (ಬೆಳಕು ಸಾಗಿಸುವ ಪ್ಲಾಸ್ಟಿಕ್ ಎಳೆ) ಬೆಳಕು ತರುವುದು ಅಂತ ತೀರ್ಮಾನಿಸಿದೆ.

ಫೈಬರ್ ತರಿಸಿದ ಕಥೆ ಬೇರೆ. ಕೇಳಿದ್ದು ಒಂದು ಮಿಲಿಮೀಟರ್, ಬಂದಿದ್ದು ಮುಕ್ಕಾಲು. ಅಂಗಡಿಯವರಿಗೆ ಫೋನ್ ಮಾಡಿದರೆ "ಬೆಳಕು ಹೋಗುತ್ತೆ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಡ್ರಿಲ್ ಮಾಡಿದ ತೂತನ್ನು ಹೇಗೆ ಅಡ್ಜಸ್ಟ್ ಮಾಡುವುದು? ಬದಲಿ ಮಾಲು ಕಳಿಸಿದರು ನಿಜ, ಆದರೆ ಸುರುಳಿಯನ್ನು ಮಡಚಿ ಸಣ್ಣ ಕವರಿಗೆ ತುರುಕಿದ್ದರು. ಮಡಿಕೆ ಬಿದ್ದ ಕಡೆಯೆಲ್ಲ ಬಿಳಿ ಗೆರೆ. ಅಷ್ಟನ್ನೂ ಕತ್ತರಿಸಿ ಬಿಸಾಡಬೇಕಾಯಿತು. ಫೈಬರ್ ಮಾರುವವರಿಗೆ ಫೈಬರ್ ಮಡಚಬಾರದು ಅಂತ ಗೊತ್ತಿರಬೇಡವೇ?

ಅಂತೂ ಜೋಡಿಸಿದೆ. ತುದಿಗಳನ್ನು ಸಾವಿರದ, ಆಮೇಲೆ ಎರಡು ಸಾವಿರದ ಉಪ್ಪು ಕಾಗದದಲ್ಲಿ ಉಜ್ಜಿ, ಸೂಪರ್ ಗ್ಲೂ ಹಾಕಿ ಕೂರಿಸಿದೆ. ಮೊದಲ ದಿನ ಕಣ್ಣು ತಣ್ಣಗಾಗುವ ಹಾಗೆ ಹತ್ತಿತು. ಕೆಲವು ದಿನಕ್ಕೆ ತಿಮ್ಮಯ್ಯನವರ ದೀಪ ಮಂಕಾಯಿತು. ಆಮೇಲೆ ಪಂಜೆಯವರದು. ಕೊನೆಗೆ ಹೈಸ್ಕೂಲಿನ ಮೂರೂ ಕತ್ತಲು. ಹೊರಗೆ ಜಡಿಮಳೆ, ಗೋಡೆಯೆಲ್ಲ ಒದ್ದೆ, ತೇವದ ಕೆಲಸ ಅಂತ ಎಲ್ಲರೂ ಅಂದರು. ಹಲಗೆಯ ಕೆಳಗೆ ಅರುವತ್ತು ವಾಟಿನ ಬಲ್ಬ್ ಇಟ್ಟು ಒಣಗಿಸಿದರೂ ಬದಲಾಗಲಿಲ್ಲ. ಎಲ್‌ಇಡಿ ಬದಲಿಸಿದರೂ ಅಷ್ಟೇ.

ಉತ್ತರ ಸಿಕ್ಕಿದ್ದು ಕರೆಂಟು ಹೋಗಿದ್ದ ರಾತ್ರಿ. ಬ್ಯಾಟರಿಗೆ ಹಾಕಿ, ಹಲಗೆ ತಿರುವಿ ನೋಡಿದರೆ ಬೆಳಕು ಹಲಗೆಯ ಕೆಳಗೇ ಇದೆ! ಫೈಬರ್ ಬಾಗುವ ಕಡೆ, ಅಂಟು ತಾಗಿದ ಜಾಗದಲ್ಲಿ, ಪಕ್ಕದಿಂದ ಸೋರುತ್ತಿದೆ. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ನೇರವಾಗಿ ನಿಂತ ಫೈಬರಿಗೆ ಅದೇ ಅಂಟು ಹಾಕಿದ್ದೆ, ಅದು ಚೆನ್ನಾಗಿತ್ತು. ಅಂಟಿಲ್ಲದೆ ಬಾಗಿದ್ದೂ ಚೆನ್ನಾಗಿತ್ತು. ಎರಡೂ ಸೇರಿದಲ್ಲಿ ಮಾತ್ರ ಬಿರುಕು. ಬಗ್ಗಿಸಿ ಹಿಡಿದ ಅಕ್ರಿಲಿಕ್ ಬಿಗಿಯಲ್ಲಿರುತ್ತದೆ. ಆ ಹೊತ್ತಲ್ಲಿ ಸೂಪರ್ ಗ್ಲೂ ತಾಗಿದರೆ ಹೊರಮೈ ಬಿರಿಯುತ್ತದೆ. ಬಿರಿದ ಕಡೆಯಿಂದ ಬೆಳಕು ಹೊರಗೆ ಹೋಗುತ್ತದೆ. ಮಡಿಕೇರಿಯಲ್ಲಿ ಜಾಗ ಕಮ್ಮಿ, ಹಾಗಾಗಿ ಬಾಗು ಜಾಸ್ತಿ, ಹಾಗಾಗಿ ಸಾವೂ ಅಲ್ಲೇ ಜಾಸ್ತಿ. ಮಳೆಯನ್ನು ಸುಮ್ನೆ ಬೈದಿದ್ದೆವು.

ಪರಿಹಾರ ಮೂರು ಕಡೆಯಿಂದ ಬಂತು. ಒಂದು ಮಿಲಿಮೀಟರ್ ಫೈಬರನ್ನು ಎರಡೂವರೆ ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಬಾರದು, ಅಂದರೆ ಕೆಳಗಿನ ಪೆಟ್ಟಿಗೆ ಆಳವಾಗಬೇಕು. ಬಡಗಿ ಅಣ್ಣನಿಂದ ಪಟ್ಟಿ ಹೊಡೆಸಿ ಏಳು ಸೆಂಟಿಮೀಟರಿಗೆ ಏರಿಸಿದೆ. ಆಮೇಲೆ ಫೈಬರನ್ನು ದೊಡ್ಡ ಸ್ಟೀಲ್ ಲೋಟಕ್ಕೆ ಸುತ್ತಿ, ದಾರ ಕಟ್ಟಿ, ಬಿಸಿ ನೀರಲ್ಲಿ ಮುಳುಗಿಸಿ, ಹಾಗೆಯೇ ಆರಲು ಬಿಟ್ಟೆ. ಕುದಿಯುವ ನೀರು ಬೇಡ, ಫೈಬರ್ ಸುಕ್ಕಾಗುತ್ತದೆ. ಆರಿದ ಮೇಲೆ ಬಾಗು ಹಾಗೇ ನಿಲ್ಲುತ್ತದೆ, ಬಿಗಿ ಇರುವುದಿಲ್ಲ. ಅಂಟನ್ನು ಬಾಗಿನ ಹತ್ತಿರಕ್ಕೂ ಬಿಡಲಿಲ್ಲ. ನೇರ ಇರುವ ತುದಿಗೆ ಮಾತ್ರ ಎರಡು ಟ್ಯೂಬಿನ ಎಪಾಕ್ಸಿ ಅಂಟು. ಹೈಸ್ಕೂಲಿನ ಮೂರು ಫೈಬರುಗಳನ್ನು ಒಟ್ಟಿಗೆ ಕಟ್ಟಿ ಒಂದೇ ತೂತಿನಲ್ಲಿ ಇಳಿಸಿದೆ. ಈಗ ರಿಕ್ಟರ್, ಪಂಜೆ, ಕಾರ್ಯಪ್ಪ ಮೂವರೂ ಆ ತೂತಿನಲ್ಲೇ ಬೆಳಗುತ್ತಿದ್ದಾರೆ.

ಲೋಟ ಆರಲು ಕಾಯುವಾಗ ಮುಂದಿನ ಕೆಲಸ ತಲೆಗೆ ಹೊಕ್ಕಿತು. ಜೋಜಿಲಾ! 1948ರ ನವೆಂಬರ್ 1ರಂದು ತಿಮ್ಮಯ್ಯನವರು ಹನ್ನೊಂದು ಸಾವಿರ ಅಡಿಗೂ ಮೇಲಿನ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಆ ಕಣಿವೆದಾರಿಗೆ ಸ್ಟುವರ್ಟ್ ಟ್ಯಾಂಕು ಹತ್ತಿಸಿದರು. ಗುಟ್ಟು ಬಯಲಾಗಬಾರದು ಅಂತ ಟ್ಯಾಂಕಿನ ಮೇಲಿನ ತೋಪಿನ ಗೋಪುರ ಕಳಚಿ ಸಾಗಿಸಿದ್ದರು. ಮುಂದಿನ ಟ್ಯಾಂಕಿನಲ್ಲಿ ಅವರೇ ಕೂತಿದ್ದರು. 1:35 ಅಳತೆಯಲ್ಲಿ ಒಂದು ಟ್ಯಾಂಕಿನ ಮಾದರಿ, ಪಕ್ಕದಲ್ಲಿ ಬಂಡೆ, ಹಿಮ. ಹಿಮಕ್ಕೆ ಅಡುಗೆ ಸೋಡಾ ಬೇಡ, ವರ್ಷ ಕಳೆದರೆ ಹಳದಿಯಾಗುತ್ತದೆ. ಗಾಜಿನ ಪುಡಿ ಸಿಗುತ್ತದಾ ನೋಡಬೇಕು.

ನೋಡಲು ಬಂದ ಪಕ್ಕದ ಮನೆಯ ಸುಬೇದಾರ್ ಮಾವ ಒಂದೊಂದೇ ಬಟನ್ ಒತ್ತಿದರು. ಕಾರ್ಯಪ್ಪನವರ ಬಟನ್ ಒತ್ತುವಾಗ ನೆಟ್ಟಗೆ ನಿಂತರು. ಆಮೇಲೆ ಕೇಳಿದರು, "ಬಂದೂಕು ಹಿಡಿದವರು ಆಯ್ತು, ಪೆನ್ನು ಹಿಡಿದವರು ಆಯ್ತು. ಸ್ಟಿಕ್ ಹಿಡಿದವರು ಎಲ್ಲಿ ಮಗಾ?"

ಸರಿಯಾದ ಪ್ರಶ್ನೆ. ಮುಂದಿನ ಇಕ್ಕಟ್ಟು ಸೋಮವಾರಪೇಟೆ. ಬಿ.ಪಿ. ಗೋವಿಂದ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್, ಮೂವರೂ ಅಲ್ಲೇ ಹುಟ್ಟಿದ ಹಾಕಿ ಆಟಗಾರರು. ಟೆನಿಸ್ ಆಟಗಾರ ರೋಹನ್ ಬೋಪಣ್ಣ ಹುಟ್ಟಿದ್ದು ಬೆಂಗಳೂರಿನಲ್ಲಿ, ಹಾಗಾಗಿ ಹಳದಿ ಇಲ್ಲ, ಹಸಿರು ಖಂಡಿತ. 43ನೇ ವಯಸ್ಸಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದವರನ್ನು ಬಿಡಲು ಆಗುತ್ತಾ?

ಉಳಿದಿರುವ ತೊಂದರೆ ಒಂದೇ. ಎಲ್‌ಇಡಿ ಬ್ಲಾಕಿನಲ್ಲಿ ಪಕ್ಕದ ಗೂಡಿಗೆ ಸ್ವಲ್ಪ ಬೆಳಕು ಇಣುಕುತ್ತದೆ. ಕಥೆಗಾರ್ತಿ ಗೌರಮ್ಮನ ಬಟನ್ ಒತ್ತಿದರೆ ಕೋಟೆಯಲ್ಲೂ ಕತ್ತಲಲ್ಲಿ ಮಿಣುಕು ಕಾಣುತ್ತದೆ. ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದ ಮೇಲೂ ಪೂರ್ತಿ ನಿಂತಿಲ್ಲ. ಒಳಗೆ ಕಪ್ಪು ಬಣ್ಣ ಬಳಿಯಬೇಕು, ಆದರೆ ಥಿನ್ನರ್ ಇರುವ ಬಣ್ಣವನ್ನು ಫೈಬರಿನ ಹತ್ತಿರ ತರಲು ಧೈರ್ಯವಿಲ್ಲ. ನೀರಿನ ಬಣ್ಣದಲ್ಲಿ ಬೆಳಕು ಪೂರ್ತಿ ತಡೆಯುವ ಮ್ಯಾಟ್ ಕಪ್ಪು ಯಾರಾದರೂ ಬಳಸಿದ್ದರೆ ಹೇಳಿ. ಎಷ್ಟು ಕೋಟ್ ಬೇಕಾಯಿತು ಅನ್ನುವುದನ್ನೂ ಹೇಳಿ.